ಮರ್ಯಾದಸ್ಥರ ಬೀಡಿ

ಮೊದಲ ಸಲ ಉಸಿರು ಕಟ್ಟಿದ್ದು ಮಕ್ಕಳಿಗೆ ಹನ್ನೆರಡರ ಮಗ್ಗಿ ಹೇಳಿಕೊಡುವಾಗ. ಮಗ್ಗಿ ಅರ್ಧಕ್ಕೆ ನಿಂತಿತು. ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು.

ಗೋಕಾಕದ ಡಾಕ್ಟರು ಎಕ್ಸ್‌-ರೇ ನೋಡಿ ಕೇಳಿದರು, "ಮನ್ಯಾಗ ಯಾರ ಬೀಡಿ ಸೇದ್ತಾರ್ರಿ?"

ನಾವು ಜೈನರು. ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಕುಡಿಯುವವರು. "ಯಾರೂ ಇಲ್ರಿ. ಆದರ ಹದಿನಾಲ್ಕ ವರ್ಷದಿಂದ ಮಸಗುಪ್ಪಿ ಸಾಲಿಗೆ ಬಸ್ಸಿನ್ಯಾಗ ಹೋಗ್ತೇನ್ರಿ," ಎಂದೆ.

"ಹಂಗಾರ ಬಸ್ಸಿನ ಮಂದಿ ಸೇದಿದ್ದು ನಿಮ್ಮ ಎದಿಯೊಳಗ ಐತಿ."

ಅಸ್ತಮಾ.

ಇನ್‌ಹೇಲರ್ ಬರೆದುಕೊಟ್ಟರು. ಹೊಗೆ ತಪ್ಪದಿದ್ದರೆ ನೌಕರಿ ಬಿಡಬೇಕಾದೀತು ಎಂದರು. ಯಾರದೋ ಬೀಡಿಗಾಗಿ ನನ್ನ ಶಾಲೆ ನಾನೇಕೆ ಬಿಡಲಿ?

ಬಸ್ಸಿನಲ್ಲಿ ಧೂಮಪಾನ ನಿಷೇಧದ ಬೋರ್ಡಿತ್ತು. ಅದರ ಕೆಳಗೇ ಕೂತು ಸೇದುತ್ತಿದ್ದರು, ಓದು ಬಲ್ಲವರೇ. ಬೇಡಿಕೊಂಡೆ. "ಕಿಡಕಿ ತಗೀರಿ ಬಾಯಾರ," ಎಂದ ಕಂಡಕ್ಟರ್. ಮಹಾ ಉಪಕಾರ!

ನಮ್ಮ ಕಡೆ ಹಿರಿಯರೆದುರು ಬೀಡಿ ಸೇದುವ ಧೈರ್ಯ ಯಾರಿಗೂ ಇಲ್ಲ. ಆದರೆ ಕೆಮ್ಮುವ ಹೆಂಗಸು ಹಿರಿಯಳಲ್ಲ. ಅದಕ್ಕೇ ಸುತ್ತಲಿನ ಊರುಗಳಿಗೆ ನ್ಯಾಯ ಹೇಳುವ ನಮ್ಮ ಕಾಕಾನನ್ನು ಒಂದು ದಿನ ಜೊತೆಗೆ ಕರೆದೊಯ್ದೆ. ಕಾಕಾ ಹತ್ತಿ ಮುಂದಿನ ಸೀಟಿನಲ್ಲಿ ಕೂತದ್ದೇ ತಡ, ಬೀಡಿಗಳೆಲ್ಲ ಮಾಯ. ಎಂಥ ಸಂಸ್ಕಾರವಂತರು! "ನೋಡವಾ, ಎಷ್ಟ ಮರ್ಯಾದಿ ಐತಿ," ಎಂದು ಕಾಕಾ ಹಿಂತಿರುಗಿ ನಕ್ಕರು.

ಯಾರೂ ಬೀಡಿ ಆರಿಸಿರಲಿಲ್ಲ.

ಸೇದುವವರು ಉರಿಯುವ ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಕೈಯನ್ನು ಸೀಟಿನ ಹಿಂದಕ್ಕೆ ಇಳಿಬಿಟ್ಟಿದ್ದರು. ಆ ಹಿಂದಿನ ಸೀಟು ನನ್ನದು. ಮರ್ಯಾದೆ ಕಾಕಾನಿಗೆ, ಹೊಗೆ ನನಗೆ. ಅರಭಾವಿ ಬರುವಷ್ಟರಲ್ಲಿ ಎದೆ ಬಿಗಿಯಿತು. ಇನ್‌ಹೇಲರ್ ಕೈಜಾರಿ ಬಿತ್ತು. ತುಟಿ ನೀಲಿಯಾಗಿತ್ತಂತೆ.

ಕಾಕಾ ಎದ್ದು ನಿಂತು ಆ ಕೈಗಳನ್ನು ನೋಡಿದರು.

"ನನ್ನ ಮುಂದ ಮುಚ್ಚಬ್ಯಾಡ್ರೋ. ಅಕಿ ಮುಂದ ಆರಸ್ರಿ!"

ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಆಕ್ಸಿಜನ್, ನೆಬ್ಯುಲೈಜರ್ ಎಲ್ಲ ಆಯಿತು. ಎದೆ ಇನ್ನು ಮೊದಲಿನಂತಾಗದು, ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಶಾಲೆ ಉಳಿಯಿತು. ಬೀಡಿ ಬಿಸಾಕುವವರೆಗೆ ಕಂಡಕ್ಟರ್ ಈಗ ರೈಟ್ ಹೇಳುವುದಿಲ್ಲ. ಇದಕ್ಕೆ ನಾನು ಕಾಕಾನಿಗೆ ಋಣಿ. ಉಳಿದವರಿಗೆ ಅಲ್ಲ.

ನಿನ್ನೆ ಒಬ್ಬ ದೊಡ್ಡ ತ್ಯಾಗ ಮಾಡಿದವನಂತೆ ಬೀಡಿ ಹೊರಗೆಸೆದು, "ಬಾಯಾರ, ನಾ ಬಿಸಾಕಿದೆ ಅಂತ ಕಾಕಾಗ ಹೇಳ್ರಿ," ಎಂದ. ನನ್ನ ಎದೆಯ ಸುದ್ದಿ ಇನ್ನೂ ಅವನ ತಲೆಗೆ ಹೋಗಿಲ್ಲ.

ಹೇಳುತ್ತೇನೆ ಎಂದೆ. ಆಮೇಲೆ ಶಾಲೆಗೆ ಹೋಗಿ ಹನ್ನೆರಡರ ಮಗ್ಗಿಯನ್ನು ಕೊನೆತನಕ ಹೇಳಿಸಿದೆ.