ಅಂಗೈಗೆ ಇಟ್ಟ ಮೀನು

ನೀರಿನ ತಳ ನೋಡುವ ಹುಚ್ಚು ನನಗೆ ಹತ್ತಿದ್ದು ಶಹಾಬಾದಿನ ಕಲ್ಲಿನ ಖಣಿಯಲ್ಲಿ. ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ತಗ್ಗುಗಳಲ್ಲಿ ಮಳೆನೀರು ನಿಂತು ಹಸಿರಾಗಿರುತ್ತಿತ್ತು. ಖಣಿಯಲ್ಲೇ ದುಡಿಯುತ್ತಿದ್ದ ಅಪ್ಪ ರಜೆಯ ದಿನ ನನ್ನ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನೀರಿಗೆ ನೂಕುತ್ತಿದ್ದರು. ಹತ್ತನೇ ವಯಸ್ಸಿಗೆ ಡಬ್ಬಿಯ ಹಂಗು ತೀರಿತು. ಕಣ್ಣು ತೆರೆದುಕೊಂಡೇ ಮುಳುಗಿ ತಳ ಮುಟ್ಟಿ ಬರುತ್ತಿದ್ದೆ. ಅಲ್ಲಿ ಕಲ್ಲಿನ ಪದರುಗಳು ಬಿಟ್ಟರೆ ನೋಡಲಿಕ್ಕೆ ಏನೂ ಇರಲಿಲ್ಲ.

ಈಗ ಐವತ್ತೆರಡು. ವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ಚಳಿಗಾಲದ ರಜೆಯಲ್ಲಿ ಕಡೆಗೂ ಸಮುದ್ರಕ್ಕೆ ಹೊರಟೆ. ಜೊತೆಗೆ ಪಕ್ಕದ ಮನೆಯ ಆಪಾ. ಅವರು ಬಟ್ಟೆ ಹೊಲಿಯುತ್ತಾರೆ, ನನಗಿಂತ ಹಿರಿಯರು, ಈಜು ಬಾರದು.

"ನೀ ಮುಳಗು ತಂಗಿ, ನಾ ಮ್ಯಾಲೆ ಕುಂತು ನಿನ್ನ ಚಪ್ಪಲಿ ಕಾಯ್ತೀನಿ" ಅಂದರು.

ವಾಡಿಯಲ್ಲಿ ರೈಲು ಹತ್ತಿ, ನಡುವೆ ಇನ್ನೊಂದು ಗಾಡಿ ಬದಲಿಸಿ, ಆಮೇಲೆ ಬಸ್ಸು ಹಿಡಿದು ಆ ಸಣ್ಣ ಮೀನುಗಾರರ ಊರು ಮುಟ್ಟಿದೆವು. ಅಲ್ಲಿಂದ ಜನವಸತಿ ಇಲ್ಲದ ಒಂದು ನಡುಗಡ್ಡೆಗೆ ದೋಣಿಯಲ್ಲಿ ಒಂದೂವರೆ ತಾಸು. ಅದರ ಸುತ್ತಲಿನ ಹವಳದ ನೀರಿನಲ್ಲಿ ಬಂದವರನ್ನು ಮುಳುಗಿಸಿ ತೋರಿಸುವುದು ಅಲ್ಲಿನ ಒಂದು ಕಂಪನಿಯ ದಂಧೆ.

ದೋಣಿ ಹತ್ತುವ ಮೊದಲೇ ಕಿರಿಕಿರಿ ಶುರುವಾಯಿತು. ನೀರೊಳಗೆ ವಿಡಿಯೊ ತೆಗೆಯಲು ಕಂಪನಿ ಇಟ್ಟುಕೊಂಡಿದ್ದ ಕ್ಯಾಮೆರಾದವನು ನನ್ನ ಅರ್ಜಿ ಓದಿ, ಎಲ್ಲರಿಗೂ ಕೇಳುವಂತೆ, "ಕಲಬುರಗಿ ಕಡೆಯವ್ರಾ? ಅಲ್ಲಿ ಕುಡಿಲಿಕ್ಕೇ ನೀರಿಲ್ಲ, ನೀವೆಲ್ಲಿ ಈಜು ಕಲಿತ್ರಿ ಮೇಡಂ?" ಎಂದ. ನಮ್ಮ ಜೊತೆಗಿದ್ದ ಶಹರದ ಗಂಡ ಹೆಂಡತಿ ಹಲ್ಲು ಕಿರಿದರು.

"ಮಳಿಗಾಲದಾಗ ದಂಡೋತಿಗೆ ಬರ್ರಿ. ಕಾಗಿಣಾ ಹೊಳಿ ಬ್ರಿಡ್ಜ್ ಮ್ಯಾಲೆ ಹರೀತದ. ಅವಾಗ ಮಾತಾಡೋಣು" ಅಂದೆ.

ಆದರೆ ನೀರೊಳಗೆ ಇಳಿದ ಮೇಲೆ ಆ ಮಾತೆಲ್ಲ ಮರೆತೇಹೋಯಿತು. ಬೆನ್ನ ಹಿಂದೆ ಸಿಲಿಂಡರ್ ಹಿಡಿದ ಗೈಡ್, ಬಾಯಲ್ಲಿ ಗಾಳಿಯ ನಳಿಗೆ, ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು. ಬಂಡೆಯ ತುಂಬ ಹವಳ, ಅದರ ಸಂದಿಯಿಂದ ಇಣುಕುವ ಹಾವಿನಂಥ ಮೀನಿನ ಮೋರೆ. ಹಳದಿ ಮೀನುಗಳ ಒಂದು ಗುಂಪು ನನ್ನನ್ನು ಕಲ್ಲೋ ಕಂಬವೋ ಎಂದುಕೊಂಡು ಸುತ್ತಿ ಹೋಯಿತು. ನಾನು ಅಲ್ಲಿ ಲೆಕ್ಕಕ್ಕೇ ಇಲ್ಲ ಎನ್ನುವುದು ಎಷ್ಟು ಹಿತವಾಗಿತ್ತೆಂದು ಹೇಳಲಾರೆ.

ಅಷ್ಟರಲ್ಲಿ ಕ್ಯಾಮೆರಾದವನು ಬಂಡೆಯ ಅಡಿ ಕೈಹಾಕಿ ಒಂದು ಮೀನನ್ನು ಹಿಡಿದೆಳೆದ. ಹೆದರಿದಾಗ ನೀರು ನುಂಗಿ ಚೆಂಡಿನಂತೆ ಉಬ್ಬುವ ಜಾತಿ ಅದು. ಕೈಗವಸಿನಲ್ಲಿ ಅದನ್ನು ಹಿಸುಕಿದ. ಅದು ಉಬ್ಬಿತು, ಇನ್ನೂ ಉಬ್ಬಿತು, ಕಣ್ಣು ಹೊರಗೆ ಬಂದವು. ಅದನ್ನು ತಂದು ನನ್ನ ಅಂಗೈಯಲ್ಲಿಟ್ಟು, ಕ್ಯಾಮೆರಾ ತೋರಿಸಿ ನಗು ಎಂದು ಸನ್ನೆ ಮಾಡಿದ.

ಕೈ ಬಿಟ್ಟೆ. ಈಜಲಾರದೆ ಅದು ಮಗ್ಗುಲಾಗಿ ತೇಲಿತು. ನಾನು ಜಾರಿಸಿಬಿಟ್ಟೆ ಎಂದುಕೊಂಡ ಪುಣ್ಯಾತ್ಮ ಮತ್ತೆ ಹಿಡಿದು ತಂದ. ಎರಡನೇ ಸಲ ಬಿಟ್ಟವಳು ಅವನ ಕೈಗೆ ಅಡ್ಡ ಹೋಗಿ ಬೇಡ ಬೇಡ ಎಂದು ಕೈ ಆಡಿಸಿದೆ. ನೀರಿನೊಳಗೆ ಬೈಯಲಿಕ್ಕೂ ಬರುವುದಿಲ್ಲ. ಅವನು ನನ್ನನ್ನು ಸರಿಸಿ ಮೀನನ್ನು ನಮ್ಮ ಜೊತೆ ಇಳಿದಿದ್ದ ಆ ಶಹರದ ಹೆಂಡತಿಯ ಕೈಗೆ ಕೊಟ್ಟ, ಅವಳು ಗಂಡನಿಗೆ ಕೊಟ್ಟಳು. ನಾನು ಹೆಬ್ಬೆರಳು ಮೇಲೆ ಮಾಡಿ ಗೈಡ್‌ಗೆ ತೋರಿಸಿದೆ. ಮೇಲೆ ಕರೆದುಕೊಂಡು ಹೋಗು ಎಂಬುದರ ಸನ್ನೆ ಅದು.

ದೋಣಿ ಹತ್ತಿದವಳೇ ಬಾಯಿಂದ ನಳಿಗೆ ಕಿತ್ತೆ.

"ಅದು ಉಬ್ಬೋದು ಖುಷಿಗಲ್ಲ, ಜೀವಕ್ಕ ಹೆದರಿ. ಗೊತ್ತದೇನು ನಿಮಗ?"

"ಅದಕ್ಕೆ ಏನೂ ಆಗುದಿಲ್ಲ ಮೇಡಂ. ದಿನಾ ಮಾಡ್ತೇವೆ" ಎಂದ ಕ್ಯಾಮೆರಾದವನು.

"ದಿನಾ ಮಾಡ್ತೀರಿ ಅನ್ಲಿಕ್ಕೆ ನಾಚಿಕಿ ಬರ್ಲಿಲ್ಲೇನು?"

ಶಹರದ ಹೆಂಡತಿ ನಡುವೆ ಬಾಯಿ ಹಾಕಿ, "ಆಂಟಿ, ನಮ್ಮ ವಿಡಿಯೊದಲ್ಲೂ ನೀವೇ ಅಡ್ಡ ಬಂದ್ರಿ" ಎಂದಳು. ಕೊಟ್ಟ ಹಣದಲ್ಲಿ ಎರಡು ಸಲ ಮುಳುಗುವುದು ಸೇರಿತ್ತು, ಆದರೆ ಎರಡನೇ ಸಲ ನನ್ನನ್ನು ಇಳಿಸಲಿಲ್ಲ. ನಾನು ಗಾಬರಿಗೊಂಡಿದ್ದೇನೆ, ಆರೋಗ್ಯದ ದೃಷ್ಟಿಯಿಂದ ಬೇಡ ಎಂದರು. ದೋಣಿ ತೂಗಿ ಮೂರು ಸಲ ವಾಂತಿ ಮಾಡಿಕೊಂಡಿದ್ದ ಆಪಾ ಮಾತ್ರ ನನ್ನ ಕೈ ಹಿಡಿದು ಕೂತಿದ್ದರು.

ದಡದ ಆಫೀಸಿನಲ್ಲಿ 'ನಿಮ್ಮ ಅನುಭವ ಬರೆಯಿರಿ' ಎಂಬ ದಪ್ಪ ಪುಸ್ತಕವಿತ್ತು. ಒಂದು ಪುಟ ತುಂಬ ಬರೆದೆ. ಮಾಲೀಕ ನಿಂತಲ್ಲೇ ಓದಿ, ನನ್ನ ಮುಂದೆಯೇ ಹಾಳೆ ಹರಿದು ಮಡಚಿ ಕಿಸೆಗಿಟ್ಟುಕೊಂಡ.

"ಇಂಥದೆಲ್ಲ ಬೇಡ ಮೇಡಂ. ಬಂದವರ ಮೂಡ್ ಹಾಳಾಗ್ತದೆ."

ನಾನು ಸಿಟ್ಟಿನಲ್ಲಿ ಮತ್ತೆ ಬರೆಯಲು ಪೆನ್ನು ಎತ್ತಿದೆ. ಆಪಾ ಪೆನ್ನು ಇಸಿದುಕೊಂಡು, ನಿಧಾನವಾಗಿ, ಅದೇ ಸಂಗತಿಯನ್ನು ಉರ್ದುವಿನಲ್ಲಿ ಬರೆದರು. ಮಾಲೀಕ ಬಲಗಡೆಯಿಂದ ಓಡುವ ಅಕ್ಷರಗಳನ್ನು ನೋಡಿ, "ಭಾರಿ ಚೆಂದ ಬರೆದ್ರಿ ಅಮ್ಮಾ, ಥ್ಯಾಂಕ್ಸ್" ಎಂದ. ಆಪಾ ತಲೆಯಾಡಿಸಿ ಹೊರಗೆ ಬಂದರು.

ಊರಿಗೆ ಮರಳಿ ತಿಂಗಳಾಗಿರಲಿಲ್ಲ. ಚಿತ್ತಾಪುರದ ನನ್ನ ನಾದಿನಿ ಫೋನ್ ಮಾಡಿ, "ವೈನಿ, ನೀವು ಮೊಬೈಲಿನ್ಯಾಗ ಬರ್ಲಿಕತ್ತೀರಿ!" ಎಂದು ಕುಣಿದಾಡಿದಳು. ಕಂಪನಿಯವರು ನನ್ನನ್ನೇ ಜಾಹೀರಾತು ಮಾಡಿದ್ದರು. ಮೀನು ನನ್ನ ಅಂಗೈಯಲ್ಲಿರುವ ಆ ಎರಡು ಕ್ಷಣ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದರು. ಹಿಂದೆ ಸಂಗೀತ, ಕೆಳಗೆ 'ಕಡಲಿನ ಗೆಳೆಯರ ಜೊತೆ ನಮ್ಮ ಅತಿಥಿ'. ಮೈ ಉರಿದುಹೋಯಿತು. ನೀರಿನಲ್ಲಿ ಬೇಡ ಅಂದವಳ ಮುಖವನ್ನು ಹೂಂ ಅಂದವಳ ಮುಖ ಮಾಡಿದ್ದರು! ನನ್ನ ಮಕ್ಕಳಿಗೆ ತರಗತಿಯಲ್ಲಿ ನಾನು ಏನೆಂದು ಹೇಳಬೇಕು?

ಫೋನ್ ಮಾಡಿದರೆ, "ಎಷ್ಟು ಚೆಂದ ಬಂದಿದ್ದೀರಿ ಮೇಡಂ" ಎಂದರು. ಆ ವಿಡಿಯೊದ ಕೆಳಗೇ ನಡೆದದ್ದನ್ನೆಲ್ಲ ಬರೆದೆ. ಅಳಿಸಿದರು. ಮತ್ತೆ ಬರೆದೆ, ಮತ್ತೆ ಅಳಿಸಿದರು. ನಾದಿನಿ, ಅವಳ ಗೆಳತಿಯರು, ಸೇಡಂನ ನನ್ನ ಹಳೆಯ ವಿದ್ಯಾರ್ಥಿನಿಯರು ಎಲ್ಲ ಸೇರಿ ಬರೆಯತೊಡಗಿದರು. ಮೂರನೆಯ ದಿನ ವಿಡಿಯೊ ಕಾಣೆಯಾಯಿತು. ಕ್ಷಮೆಯ ಒಂದು ಮಾತಿಲ್ಲ. ಆ ಬಂಡೆಯ ಅಡಿಯಲ್ಲಿ ಈಗಲೂ ಯಾರದಾದರೂ ಕೈ ಹೋಗುತ್ತಲೇ ಇರಬೇಕು.

ಈ ವರ್ಷ ಬೇರೆ ಕಡೆ ಹೋಗೋಣವೆಂದು ಆಪಾ ಗಂಟುಬಿದ್ದಿದ್ದಾರೆ. ನಾನು ಬುಕ್ ಮಾಡುವ ಮೊದಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: "ನೀರಾಗ ಮೀನ ಮುಟ್ಟಸ್ತೀರೇನ್ರಿ?" ಇಲ್ಲಿಯವರೆಗೆ ಇಬ್ಬರು, "ಗ್ಯಾರಂಟಿ ಮುಟ್ಟಿಸ್ತೇವೆ ಮೇಡಂ" ಎಂದು ಹುರುಪಿನಿಂದ ಹೇಳಿದರು. ಇಬ್ಬರಿಗೂ ಫೋನಿನಲ್ಲೇ ಪಾಠ ಮಾಡಿದೆ. ಮೂರನೆಯವರ ನಂಬರು ಆಪಾ ಹುಡುಕುತ್ತಿದ್ದಾರೆ.