ತಾಯಿಯ ಪಾತ್ರದವರು

ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಾಟಕದ ನಟರೊಬ್ಬರಿದ್ದರು. ಬಂಡೆ ಸೀಳುವ ವೀರನ ನಾಟಕದಲ್ಲಿ ಅವರದು ತಾಯಿಯ ಪಾತ್ರ. ಕಲ್ಲು ಒಡೆಯುತ್ತಲೇ ಹೆರುವ ಆ ತಾಯಿಯ ಕಸುವೇ ಮಗನಿಗೆ ಬರುತ್ತಿತ್ತು. ಮನೆಯಲ್ಲೂ ಅವರು ಹೆಗಲ ಮೇಲಿನ ಟವೆಲ್ಲನ್ನು ಸೆರಗಿನಂತೆ ಹಿಡಿದೇ ಬೆವರು ಒರೆಸಿಕೊಳ್ಳುತ್ತಿದ್ದರು.

ಮುಂದೆ ಅದೇ ಕಥೆ ಸಿನಿಮಾ ಆಯಿತು. ಅದರಲ್ಲಿ ತಾಯಿಯೇ ಇರಲಿಲ್ಲ. ಮಗು ಸಿಡಿಲಿನಿಂದ ಹುಟ್ಟುತ್ತಿತ್ತು. ಜನ ನಾಟಕದಲ್ಲೂ ಸಿಡಿಲನ್ನೇ ಕೇಳಿದರು. ಕಂಪನಿಯ ಮಾಲೀಕರು ತಾಯಿಯ ದೃಶ್ಯವನ್ನು ತೆಗೆದುಹಾಕಿದರು. “ಹಡದಾಕಿ ಇಲ್ದ ಮಗಾ ಎಲ್ಲಿಂದ ಬಂದಾನ್ರಿ?” ಎಂದು ನಮ್ಮ ನಟರು ಸಿಕ್ಕವರನ್ನೆಲ್ಲ ಕೇಳುತ್ತ ತಿರುಗಿದರು.

ಮುಂದಿನ ಆಟಕ್ಕೆ ನಾನೂ ಹೋಗಿದ್ದೆ. ರಂಗದ ಮೇಲೆ ಸಿಡಿಲು ಹೊಡೆಯಿತು, ಹೊಗೆಯಲ್ಲಿ ಕಟ್ಟಿಗೆಯ ಕೂಸು ಕಂಡಿತು, ಜನ ಶಿಳ್ಳೆ ಹಾಕಿದರು. ಆಗ ಇವರು ಸೀರೆ ಉಟ್ಟು, ಯಾರೂ ಕರೆಯದೆ ಬಂದು ಕೂಸನ್ನು ಎತ್ತಿಕೊಂಡರು. “ಒಳಗ ನಡಿಯೋ” ಎಂಬ ಕೂಗಿನ ಹಿಂದೆಯೇ ಒಂದು ಚಪ್ಪಲಿ ಹಾರಿಬಂತು. ಅವರು ಕೂಸನ್ನು ಎದೆಗೆ ಅವುಚಿಕೊಂಡು ತಿರುಗಿದರು. ಪೆಟ್ಟು ಬೆನ್ನಿಗೆ ಬಿತ್ತು. ಗದ್ದಲ ಅಡಗಿತು. ಆಚೆ ಮುಖ ಮಾಡಿಯೇ ಅವರು ಜೋಗುಳ ಶುರುಮಾಡಿದರು.

ಮಾಲೀಕರು ಪರದೆ ಬಿಡಲು ಸನ್ನೆ ಮಾಡಿದರು. ಹೆಂಗಸರ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತಳು.

“ತಡೀರಿ,” ಎಂದಳು. “ಕೂಸಿಗೆ ಇನ್ನ ನಿದ್ದಿ ಹತ್ತಿಲ್ಲ.”