ನರ್ಸಮ್ಮನ ಫೋನಿನಲ್ಲಿ ತಗ್ಗುತ್ತಿದ್ದ ದನಿ

ಕೊರೋನಾ ಹಾವಳಿ ಮುಗಿದ ಮರುವರ್ಷ. ಆಗ ನಾನು ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಟೆಲಿಫೋನ್ ಮೆಕ್ಯಾನಿಕ್. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಜೀವಮಾನವಿಡೀ ಜೋಡಿಸಿದ್ದ ತಾಮ್ರದ ತಂತಿಯನ್ನು ಬಿಟ್ಟು ಮನೆಮನೆಗೆ ಫೈಬರ್ ಎಳೆದು, ಇಂಟರ್ನೆಟ್ ಮೇಲೆ ಓಡುವ ಫೋನ್ ಕೊಡಬೇಕೆಂದು ಮೇಲಿನಿಂದ ಆದೇಶ ಬಂತು. ಎರಡು ದಿನ ತರಬೇತಿಯನ್ನೂ ಕೊಟ್ಟರು. ಅರ್ಧ ತಲೆಗೆ ಹೋಯಿತು, ಅರ್ಧ ಹೋಗಲಿಲ್ಲ. ಹೋಗದ ಅರ್ಧವನ್ನು ನಾನು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಹೀಗೆ ಬದಲಾಯಿಸಿದ ಮನೆಗಳಲ್ಲಿ ಗೌರಮ್ಮನವರದೂ ಒಂದು. ಸರ್ಕಾರಿ ನರ್ಸ್ ಆಗಿ ನಿವೃತ್ತರಾದ ಅವರನ್ನು ಸುತ್ತಲಿನ ಊರುಗಳಲ್ಲೆಲ್ಲ ನರ್ಸಮ್ಮ ಎಂದೇ ಕರೆಯುತ್ತಿದ್ದರು. ಅವರ ಲ್ಯಾಂಡ್‌ಲೈನ್ ನಂಬರು ಎಷ್ಟೋ ಹೆಂಗಸರಿಗೆ ಬಾಯಿಪಾಠ. ಗಂಡನಿಗಾಗಲಿ ಅತ್ತೆಗಾಗಲಿ ಹೇಳಲಾಗದ್ದನ್ನು ಆ ನಂಬರಿಗೆ ಹೇಳುತ್ತಿದ್ದರು. ಮನೆಯವರು ಮೊಬೈಲ್ ಕಿತ್ತುಕೊಂಡು ನೋಡಿದರೂ ನರ್ಸಮ್ಮನ ನಂಬರು ಕಂಡರೆ ಯಾರೂ ಸಂಶಯಪಡುತ್ತಿರಲಿಲ್ಲ.

ಫೈಬರ್ ಹಾಕಿದ ವಾರದಲ್ಲೇ ಅವರಿಂದ ದೂರು ಬಂತು, ಕರೆಂಟು ಹೋದರೆ ಫೋನೂ ಸಾಯುತ್ತದೆ ಎಂದು. ಹಳೆಯ ಫೋನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ನಲವತ್ತೆಂಟು ವೋಲ್ಟ್ ತಂತಿಯಲ್ಲೇ ಬರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು. ಅದನ್ನು ದನಿ ಮಾಡಲು ಮನೆಯಲ್ಲಿ ಮೋಡೆಮ್ ಎಂಬ ಡಬ್ಬ ಬೇಕು, ಡಬ್ಬಕ್ಕೆ ಕರೆಂಟು ಬೇಕು. ನರ್ಸಮ್ಮನ ಮನೆಯಲ್ಲಿ ಯುಪಿಎಸ್ ಇರಲಿಲ್ಲ. ಗೋಡೆಯ ಆಚೆ, ಅದೇ ಮನೆಯ ಇನ್ನೊಂದು ಭಾಗದಲ್ಲಿದ್ದ ಅವರ ಓರಗಿತ್ತಿ ಸಾಕಮ್ಮನವರ ಹಜಾರದಲ್ಲಿ ಇತ್ತು. ಮೋಡೆಮನ್ನು ಅಲ್ಲಿಟ್ಟೆ. ಅಲ್ಲಿಂದ ಈಚೆಗೆ ಹೊಸ ತಂತಿ ಎಳೆಯಲು ಗೋಡೆ ಕೊರೆಯಬೇಕಿತ್ತು. ಕೂಡುಮನೆಯ ಕಾಲದ ತಂತಿ ಗೋಡೆಯಲ್ಲೇ ಇದ್ದುದರಿಂದ ಅದಕ್ಕೇ ಸೇರಿಸಿಬಿಟ್ಟೆ. ಐದು ನಿಮಿಷದ ಕೆಲಸ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಕಾಫಿ ಕುಡಿದು ಬಂದೆ.

ಎರಡು ತಿಂಗಳ ಮೇಲೆ ನರ್ಸಮ್ಮ ನಮ್ಮ ಆಫೀಸಿಗೇ ಬಂದರು. ಕೂರಿ ಎಂದರೂ ಕೂರಲಿಲ್ಲ. ದುದ್ದದ ಕಡೆಯ ಒಬ್ಬ ಸೊಸೆ, ಕೈಗೂಸಿನವಳು, ಸದ್ಯಕ್ಕೆ ಇನ್ನೊಂದು ಬೇಡವೆಂದು ಇವರಿಂದ ಫೋನಿನಲ್ಲಿ ಮಾತ್ರೆಯ ವಿಚಾರ ತಿಳಿದುಕೊಂಡಿದ್ದಳಂತೆ. ವಾರದೊಳಗೆ ಆ ಮಾತು ಒಂದಕ್ಷರ ಬಿಡದೆ ಅವಳ ಅತ್ತೆಯ ಕಿವಿಗೆ ಬಿದ್ದಿತ್ತು. ಕೂಸಿನ ಸಮೇತ ಅವಳನ್ನು ತವರಿಗೆ ಅಟ್ಟಿದ್ದರು. ಹೇಳಿದವರು ನರ್ಸಮ್ಮನೇ ಎಂದು ಅವಳು ನಂಬಿದ್ದಳು. ಸುದ್ದಿ ಹರಡಿ ಉಳಿದ ಹೆಂಗಸರೂ ಫೋನ್ ಮಾಡುವುದು ನಿಲ್ಲಿಸುತ್ತಿದ್ದರು.

"ನೀನು ಆ ಡಬ್ಬ ತಂದಿಟ್ಮೇಲೇ ಇಂಗಾಗಿರದು ಕಣಪ್ಪ ಸಿದ್ದರಾಜು," ಎಂದರು. "ಯಾರು ಕೇಳ್ಸ್ಕತಾವ್ರೆ ಅದರೊಳಗೆ? ನೀನೇನಾ?"

ನನಗೆ ಮೈ ಉರಿಯಿತು. ನನ್ನ ಮೇಲೆ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಸಿಟ್ಟಿನ ಜೊತೆಗೆ ದಿಗಿಲೂ ಆಯಿತು. ಇಂಟರ್ನೆಟ್ಟಿನಲ್ಲಿ ಯಾರು ಎಲ್ಲಿಂದ ನುಗ್ಗಬಹುದು ಎಂಬುದು ತಲೆಗೆ ಹೋಗದ ಆ ಅರ್ಧದಲ್ಲೇ ಇತ್ತು.

ಮೊದಲ ದಿನ ಮೋಡೆಮ್ಮಿನ ಪಾಸ್‌ವರ್ಡ್ ಬದಲಿಸಿದೆ. ಎಲ್ಲ ಮನೆಗೂ ನಾನು ಒಂದೇ ಪಾಸ್‌ವರ್ಡ್ ಇಡುತ್ತಿದ್ದೆ, ನೆನಪಿಗೆ ಸುಲಭವೆಂದು. ಕಳ್ಳ ಅಲ್ಲಿಂದಲೇ ಬಂದ ಎಂದುಕೊಂಡೆ. ಎರಡನೇ ಸಲ ಹೋದಾಗ ವೈಫೈಗೆ ಗೊತ್ತಿಲ್ಲದ ಎರಡು ಮೊಬೈಲು ಸೇರಿಕೊಂಡಿದ್ದವು. ಸಿಕ್ಕಿಬಿದ್ದರು ಎಂದುಕೊಂಡರೆ ಅವು ಸಾಕಮ್ಮನ ಮನೆಯವರವೇ. ಹೊಸ ಪಾಸ್‌ವರ್ಡನ್ನು ನರ್ಸಮ್ಮನೇ ಕೊಟ್ಟಿದ್ದರು. ಮಂಡ್ಯದ ಆಫೀಸಿನಲ್ಲಿ ಕೇಳಿದರೆ ಒಬ್ಬರು ಹ್ಯಾಕಿಂಗ್ ಇರಬಹುದು ಎಂದರು, ಇನ್ನೊಬ್ಬರು ಸಾಧ್ಯವೇ ಇಲ್ಲ ಎಂದರು. ಇಬ್ಬರ ಮಾತೂ ನನಗೆ ಅರ್ಥವಾಗಲಿಲ್ಲ.

ಮೂರನೇ ಸಲ ಹೋದಾಗ ನರ್ಸಮ್ಮ ಒಂದು ಮಾತು ಹೇಳಿದರು: "ಮಾತಾಡ್ತಾ ಮಾತಾಡ್ತಾ ಆ ಕಡೆಯೋರ ದನಿ ತಗ್ಗೋಯ್ತದೆ ಕಣಪ್ಪ. ಒಸಿ ಹೊತ್ತಾದ್ಮೇಲೆ ಸರಿಯಾಯ್ತದೆ."

ತಾಮ್ರದ ಕಾಲವಾಗಿದ್ದರೆ ಇದನ್ನು ಕೇಳಿದ ಕೂಡಲೇ ಹೇಳುತ್ತಿದ್ದೆ, ಅದೇ ಲೈನಿನಲ್ಲಿ ಇನ್ನೊಂದು ರಿಸೀವರ್ ಎತ್ತಿದ್ದಾರೆ ಎಂದು. ಆದರೆ ಇದು ಫೈಬರ್ ಅಲ್ಲವೇ, ಇದರಲ್ಲಿ ಅದೆಲ್ಲ ಎಲ್ಲಿ ಬಂತು ಎಂದು ಆ ಮಾತನ್ನು ತಳ್ಳಿಹಾಕಿದೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ನರ್ಸಮ್ಮ ಮಾತಿಗೆ ಕೂತರು. ನನಗೆ ಬೇರೇನೂ ತೋಚದೆ, ಮೋಡೆಮ್ಮಿನಿಂದ ಹೊರಟ ತಂತಿಯನ್ನಾದರೂ ನೋಡೋಣವೆಂದು ಸಾಕಮ್ಮನ ಮನೆಗೆ ಹೋದೆ. ಸಾಕಮ್ಮ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು.

ತಂತಿಯನ್ನು ಬೆರಳಲ್ಲಿ ಹಿಡಿದು ನಡೆದೆ. ಅದು ನೆಟ್ಟಗೆ ನರ್ಸಮ್ಮನ ಮನೆಗೆ ಹೋಗಲಿಲ್ಲ. ಮೊದಲು ಸಾಕಮ್ಮನ ನಡುಮನೆಗೆ ಇಳಿದು, ಒಂದು ಕಪಾಟಿನ ಹಿಂದೆ ಹಾದು, ಆಮೇಲೆ ಗೋಡೆ ಹೊಕ್ಕಿತ್ತು. ಕಪಾಟಿನ ಮೇಲೆ ಕಸೂತಿ ಬಟ್ಟೆ ಹಾಸಿ ಇಟ್ಟ ಒಂದು ಹಳೆಯ ಫೋನು. ಆಗ ನೆನಪಾಯಿತು. ಅಣ್ಣತಮ್ಮಂದಿರ ಭಾಗವಾದಾಗ ಎಲ್ಲವೂ ಸಮಪಾಲಾಗಬೇಕೆಂದು ಪಂಚಾಯ್ತಿಯವರು ಫೋನನ್ನೂ ಬಿಟ್ಟಿರಲಿಲ್ಲ. ಲೈನು ಅಣ್ಣನಿಗೆ, ಅಂದರೆ ನರ್ಸಮ್ಮನ ಗಂಡನಿಗೆ. ಎರಡು ಫೋನುಗಳಲ್ಲಿ ಒಂದು ತಮ್ಮನಿಗೆ, ಸಾಕಮ್ಮನ ಗಂಡನಿಗೆ. ಈ ಕಡೆಗೆ ಬರುತ್ತಿದ್ದ ತಂತಿಯನ್ನು ಆವತ್ತು ಕತ್ತರಿಸಿದವನು ನಾನೇ. ಈಗ ಮೋಡೆಮ್ಮಿಗಾಗಿ ಅದನ್ನೇ ಮತ್ತೆ ಬೆಸೆದವನೂ ನಾನೇ. ಫೈಬರ್ ಇದ್ದದ್ದು ಮೋಡೆಮ್ಮಿನವರೆಗೆ ಮಾತ್ರ, ಅಲ್ಲಿಂದ ಮುಂದೆ ಅದೇ ಹಳೆಯ ತಾಮ್ರ.

ಫೋನಿನ ಮೈಮೇಲೆಲ್ಲ ಧೂಳಿತ್ತು, ರಿಸೀವರಿನ ಮೇಲೆ ಇರಲಿಲ್ಲ. ಎತ್ತಿ ಕಿವಿಗಿಟ್ಟೆ. ಯಾರೋ ಹೆಂಗಸು ನರ್ಸಮ್ಮನ ಹತ್ತಿರ ಅಳುತ್ತಾ ಏನೋ ಹೇಳುತ್ತಿದ್ದಳು. ಏನೆಂದು ಇಲ್ಲಿ ಬರೆಯುವುದಿಲ್ಲ. ಕೆಳಗಿಟ್ಟೆ, ಆದರೆ ಇಡಬೇಕಾದಷ್ಟು ಬೇಗ ಇಡಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ತಿರುಗಿ ನೋಡಿದರೆ ಸಾಕಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ತವರು ದುದ್ದ ಎಂಬುದು ನನಗೆ ಗೊತ್ತಿತ್ತು.

"ರಿಂಗಾಯ್ತು, ಎತ್ತುದೆ," ಎಂದರು. "ಕನೆಕ್ಷನ್ ಕೊಟ್ಟೋನು ನೀನೇ ತಾನೆ?"

ತಂತಿ ಕಿತ್ತೆ, ಗೋಡೆ ಕೊರೆದು ಹೊಸದು ಎಳೆದೆ. ನರ್ಸಮ್ಮನ ಎದುರು ನಿಂತು ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ. ಆ ಹುಡುಗಿಯ ತವರಿಗೆ ಹೋಗಿ ಇದನ್ನೇ ಹೇಳಿ ಬಾ ಎಂದರು.

ಅವಳ ತವರು ಮಳವಳ್ಳಿ ಕಡೆ. ಜಗಲಿಯ ಮೇಲೆ ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು. ನರ್ಸಮ್ಮ ಯಾರಿಗೂ ಹೇಳಿಲ್ಲ, ನನ್ನ ಕೆಲಸದಿಂದ ಹೀಗಾಯಿತು, ಈಗ ಸರಿಮಾಡಿದ್ದೇನೆ ಎಂದೆ.

"ಈಗ ಯಾರೂ ಕೇಳ್ಸ್ಕಳಾಕಿಲ್ವ ಅಣ್ಣ?"

"ಇಲ್ಲ ಕಣವ್ವ."

"ಆವತ್ತೂ ಇಂಗೇ ಅನ್ಕಂಡಿದ್ದೆ," ಎಂದು ಕೂಸಿನ ಬಾಯಿ ಒರೆಸಿದಳು.

ನಿವೃತ್ತನಾಗುವವರೆಗೆ ಆಮೇಲೆ ಯಾವ ಮನೆಯಲ್ಲಿ ಮೋಡೆಮ್ ಇಟ್ಟರೂ ಮೊದಲು ಹಳೆಯ ತಂತಿಯನ್ನು ಕೈಯಲ್ಲಿ ಹಿಡಿದು ಕೊನೆಯವರೆಗೆ ನಡೆದೆ. ಮನೆಗೊಂದು ಬೇರೆ ಪಾಸ್‌ವರ್ಡ್ ಇಟ್ಟೆ. ಈ ಲೈನಿನಲ್ಲಿ ಮೊದಲು ಯಾರ್ಯಾರಿದ್ದರು ಎಂದು ಕೇಳಿದೆ, ಕೆಲವರು ನಕ್ಕರು. ಫೋನ್ ಹಾಕಿಕೊಡುವುದಷ್ಟೇ ನನ್ನ ಕೆಲಸ ಎಂದು ಬಹಳ ಕಾಲ ನಂಬಿದ್ದೆ. ಇನ್ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ನಂಬಿ ಜನ ಬಾಯಿ ಬಿಡುತ್ತಾರಲ್ಲ, ಆ ನಂಬಿಕೆಗೂ ಜವಾಬ್ದಾರ ನಾನೇ ಎಂಬುದು ತಡವಾಗಿ ತಿಳಿಯಿತು. ನರ್ಸಮ್ಮನ ಫೋನು ನಿಧಾನವಾಗಿ ಮತ್ತೆ ರಿಂಗಾಗತೊಡಗಿತು. ಆ ಹುಡುಗಿ ಮಾತ್ರ ಮತ್ತೆ ಮಾಡಲಿಲ್ಲವಂತೆ.